ಶಿಕ್ಷಕರು ಏಕೆ ಸಿಗುತ್ತಿಲ್ಲ, ಸಿಕ್ಕವರು ಏಕೆ ಉಳಿಯುತ್ತಿಲ್ಲ?

ಜೂನ್ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ಶಾಲೆಗಳಲ್ಲಿ ಶಿಕ್ಷಕರ ಕೊರತೆ. ಇನ್ನೊಂದು ಕಡೆ ಡಿ.ಎಡ್., ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿರುವವರು ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಓದಿದವರೂ ಇದ್ದಾರೆ, ಕೆಲಸವೂ ಇದೆ, ಆದರೂ ಕುರ್ಚಿ ಖಾಲಿ. ವಾಣಿಜ್ಯ ವಿದ್ಯಾರ್ಥಿಯಾಗಿ ನಾನು ಇದನ್ನು ಲೆಕ್ಕದ ಕಡೆಯಿಂದ ನೋಡಲು ಪ್ರಯತ್ನಿಸಿದ್ದೇನೆ.

ಮೊದಲು ಸರ್ಕಾರಿ ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬರು, 6ರಿಂದ 8ರವರೆಗೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು. ಆದರೆ ಹುದ್ದೆ ಭರ್ತಿಯಾಗುವ ದಾರಿ ಬಹಳ ಉದ್ದ. ಟಿಇಟಿ ಪಾಸಾಗಬೇಕು, ನಂತರ ನೇಮಕಾತಿ ಪರೀಕ್ಷೆ, ನಂತರ ದಾಖಲೆ ಪರಿಶೀಲನೆ. 2022ರಲ್ಲಿ ನಮ್ಮ ರಾಜ್ಯದಲ್ಲಿ 6ರಿಂದ 8ನೇ ತರಗತಿಗೆ 15,000 ಶಿಕ್ಷಕರ ನೇಮಕಾತಿಗೆ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ವಿವಾಹಿತ ಮಹಿಳೆಯರ ಆದಾಯ ಪ್ರಮಾಣಪತ್ರ ತಂದೆಯದೋ ಗಂಡನದೋ ಎಂಬ ವಿವಾದ ಹೈಕೋರ್ಟಿಗೆ ಹೋಯಿತು. ನೇಮಕಾತಿ ಮುಂದೆ ಸಾಗುವಷ್ಟರಲ್ಲಿ 2023 ಮುಗಿಯುತ್ತ ಬಂದಿತ್ತು. ಪರೀಕ್ಷೆ ನಡೆದಾಗ ಆರನೇ ತರಗತಿಗೆ ಕಾಲಿಡುತ್ತಿದ್ದ ಮಗು ಅಷ್ಟರಲ್ಲಿ ಏಳನೆಯದರಲ್ಲಿತ್ತು.

ಈ ನಡುವೆ ಪಾಠ ಮಾಡುವವರು ಅತಿಥಿ ಶಿಕ್ಷಕರು. 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,000 ರೂಪಾಯಿ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟ್ 1ರಿಂದ, ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 27,000 ರೂಪಾಯಿ. ಅಂದರೆ ಅತಿ ಕೆಳಗಿನ ದರ್ಜೆಯ ಕಾಯಂ ನೌಕರರ ಮೂಲವೇತನದ ಅರ್ಧವೂ ಪದವಿ ಪಡೆದ ಅತಿಥಿ ಶಿಕ್ಷಕರಿಗೆ ಸಿಗುವುದಿಲ್ಲ. ಬೇರೆ ಕೆಲಸ ಸಿಕ್ಕ ದಿನ ಅವರು ಹೋದರೆ ತಪ್ಪು ಅವರದೇ?

ಕಾಯಂ ಆದವರೂ ಎಲ್ಲ ಊರಿನಲ್ಲಿ ಉಳಿಯುವುದಿಲ್ಲ. ಮನೆ ಬಾಡಿಗೆ ಭತ್ಯೆ ನಗರದಲ್ಲಿ ಹೆಚ್ಚು, ಹಳ್ಳಿಯಲ್ಲಿ ಕಡಿಮೆ. ಹಳ್ಳಿಯಲ್ಲಿ ಬಾಡಿಗೆ ಕಡಿಮೆ ಎಂಬುದು ನಿಜ. ಆದರೆ ಮಕ್ಕಳ ಓದಿಗಾಗಿ ಸಂಸಾರವನ್ನು ಪೇಟೆಯಲ್ಲಿಟ್ಟು ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಅದರಿಂದ ಲಾಭವಿಲ್ಲ. ಹಾಗಾಗಿ ಅವಕಾಶ ಸಿಕ್ಕ ಕೂಡಲೇ ವರ್ಗಾವಣೆ ಕೇಳುತ್ತಾರೆ.

ಇನ್ನು ಕಡಿಮೆ ಶುಲ್ಕದ ಖಾಸಗಿ ಶಾಲೆಗಳು. ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ತರಗತಿಯಲ್ಲಿ 30 ಮಕ್ಕಳು, ತಿಂಗಳಿಗೆ ತಲಾ 900 ರೂಪಾಯಿ ಶುಲ್ಕ ಎಂದುಕೊಳ್ಳಿ. ಒಟ್ಟು 27,000. ಇದರಲ್ಲೇ ಕಟ್ಟಡದ ಬಾಡಿಗೆ, ಕರೆಂಟ್ ಬಿಲ್, ಆಯಾ ಮತ್ತು ಕ್ಲರ್ಕ್ ಸಂಬಳ ಹೋಗಬೇಕು. ಕೆಲವರ ಶುಲ್ಕ ಬಾಕಿ ಇರುತ್ತದೆ. ಉಳಿದದ್ದು ಶಿಕ್ಷಕಿಗೆ. ಶುಲ್ಕ ಹೆಚ್ಚಿಸೋಣ ಎಂದರೆ ಪೋಷಕರು ಆಟೋ ಓಡಿಸುವವರು, ಗ್ಯಾರೇಜಿನಲ್ಲಿ ದುಡಿಯುವವರು. ಆದ್ದರಿಂದ ಕಡಿಮೆ ಸಂಬಳಕ್ಕೆ ಪ್ರತಿ ಸಲವೂ ಆಡಳಿತ ಮಂಡಳಿಯ ಜಿಪುಣತನವೇ ಕಾರಣವಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಇಂಥ ಶಾಲೆಗಳಲ್ಲಿ ಪಾಠ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರ ದುಡಿಮೆಯನ್ನು "ಮದುವೆಯವರೆಗಿನ ಕೆಲಸ" ಎಂದು ಮನೆಯವರೂ ನೋಡುತ್ತಾರೆ, ಶಾಲೆಯವರೂ ನೋಡುತ್ತಾರೆ. ಸಂಬಳ ಆಟೋ ಬಾಡಿಗೆಗೇ ಸರಿಹೋದರೆ ಮನೆಯಲ್ಲಿ "ಛೋಡ್ ದೇ ಬೇಟಾ" ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಉಸ್ತಾದರಿಗೆ ತಂದೆಯ ಸ್ಥಾನ, ಎದುರಾದರೆ ಸಲಾಂ ಹೇಳದೆ ಮುಂದೆ ಹೋಗುವುದಿಲ್ಲ. ಅದೇ ಮನೆಯ ಮಗ ಬಿ.ಎಡ್. ಮಾಡುತ್ತೇನೆಂದರೆ "ಅದರಲ್ಲಿ ಏನು ಸಿಗುತ್ತದೆ?" ಎಂಬ ಪ್ರಶ್ನೆ. ಗೌರವ ಬೇಕಾದಷ್ಟಿದೆ, ಆದರೆ ಗೌರವದಿಂದ ರೇಷನ್ ಬರುವುದಿಲ್ಲ.

ಶಿಕ್ಷಕರು ಬಿಟ್ಟು ಹೋದಾಗ ಆಗುವ ನಷ್ಟ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಕಡಿಮೆ ಸಂಬಳ ಮಾತ್ರ ಉಳಿತಾಯದಂತೆ ಕಾಣುತ್ತದೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದೇ ವರ್ಷದಲ್ಲಿ ಮೂವರು ಗಣಿತ ಶಿಕ್ಷಕರು ಬಂದರು. ಬೀಜಗಣಿತ ಮೂರು ಸಲ ಶುರುವಾಯಿತು, ರೇಖಾಗಣಿತ ಒಂದು ಸಲವೂ ಮುಗಿಯಲಿಲ್ಲ. ಆ ತರಗತಿಯ ಕೆಲವರು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ಫೇಲಾಗಿ ಓದು ಬಿಟ್ಟರು. ಆ ನಷ್ಟವನ್ನು ತುಂಬಿದವರು ಅವರೇ.

ಸಂಬಳ ಒಮ್ಮೆಗೇ ದುಪ್ಪಟ್ಟು ಮಾಡಲು ಎಲ್ಲ ಶಾಲೆಗೂ ಆಗದು. ಆದರೆ ತಿಂಗಳ ಮೊದಲ ವಾರದಲ್ಲೇ ಸಂಬಳ ಕೊಡುವುದು, ಏಪ್ರಿಲ್‌ನಲ್ಲಿ ಬಿಡಿಸಿ ಜೂನ್‌ನಲ್ಲಿ ಕರೆಯದೆ ರಜೆಯ ಸಂಬಳವನ್ನೂ ಕೊಡುವುದು, ಪಿ.ಎಫ್. ಕಟ್ಟುವುದು, ಪ್ರತಿ ವರ್ಷ ಸ್ವಲ್ಪವಾದರೂ ಹೆಚ್ಚಿಸುವುದು, ಇವನ್ನು ಬಜೆಟ್‌ನಲ್ಲಿ ಕಟ್ಟಡಕ್ಕಿಂತ ಮೊದಲು ಇಡಬಹುದು. ಸಮಾಜದ ದಾನಿಗಳು ಗೋಡೆಗೆ ಬಣ್ಣ, ಗೇಟಿಗೆ ಕಮಾನು ಕೊಡಿಸುವ ಜೊತೆಗೆ ಒಬ್ಬ ಗಣಿತ ಶಿಕ್ಷಕರ ವರ್ಷದ ಸಂಬಳಕ್ಕೂ ಹಣ ಕೊಡಬಹುದು. ಸರ್ಕಾರ ನಿವೃತ್ತಿಯ ದಿನಾಂಕ ಮೊದಲೇ ಗೊತ್ತಿರುವ ಹುದ್ದೆಗಳಿಗೆ ಮೊದಲೇ ನೇಮಕಾತಿ ಶುರುಮಾಡಬಹುದು.

ಗೆಳೆಯರೇ, ಇನ್ನು ಕೆಲವೇ ವರ್ಷಗಳಲ್ಲಿ ನಮ್ಮಲ್ಲಿ ಕೆಲವರು ಬಿ.ಕಾಂ. ಮುಗಿಸಿ ಸಂಬಳದ ಕೆಲಸ ಆರಿಸಿಕೊಳ್ಳುತ್ತೇವೆ, ಕೆಲವರು ಸಂಸ್ಥೆಗಳ ಲೆಕ್ಕ ಬರೆಯುತ್ತೇವೆ. ಪಾಠ ಹೇಳಿಕೊಡಲು ಇಷ್ಟವಿರುವವರು ಹಿಂಜರಿಯಬೇಡಿ, ಆದರೆ ಸೇರುವಾಗ ಸಂಬಳ, ರಜೆ, ಪಿ.ಎಫ್. ಬಗ್ಗೆ ಸಂಕೋಚವಿಲ್ಲದೆ ಕೇಳಿ. ಲೆಕ್ಕ ಬರೆಯುವವರು ಶಿಕ್ಷಕರ ಸಂಬಳವನ್ನು ಖರ್ಚು ಎಂದು ಬರೆಯುವಾಗ, ಅದನ್ನು ಉಳಿಸಿದರೆ ಏನೇನು ಕಳೆದುಹೋಗುತ್ತದೆ ಎಂಬುದನ್ನೂ ಆಡಳಿತ ಮಂಡಳಿಗೆ ತಿಳಿಸಿ ಹೇಳಿ.