ಹನ್ನೆರಡು ಹೆಸರು, ಒಂದು ದೋಣಿ: ಗುಂಪು ಪ್ರವಾಸದ ಲೆಕ್ಕ

ನಮ್ಮ ಊರು ಹವಳಗಾ. ಹೆಸರಿನಲ್ಲೇ ಹವಳ ಇದೆ, ಆದರೆ ಹವಳದ ದಿಬ್ಬ ಕಣ್ಣಾರೆ ಕಂಡವರು ಊರಲ್ಲಿ ನನಗೆ ಯಾರೂ ಸಿಕ್ಕಿಲ್ಲ. ಸುತ್ತ ಕಬ್ಬು, ತೊಗರಿ. ನಮ್ಮ ತಾಲ್ಲೂಕಿನ ನೀರೆಂದರೆ ಭೀಮಾ ನದಿ. ಸಮುದ್ರ ಬಹಳ ದೂರ. ಹೀಗಿದ್ದೂ ನಾವು ಹನ್ನೆರಡು ಹುಡುಗಿಯರು ಈ ವರ್ಷ ಹವಳದ ದ್ವೀಪಕ್ಕೆ ಹೋಗಿ ಗಾಳ ಹಾಕಿ ಮೀನು ಹಿಡಿಯುವ ಯೋಜನೆ ಮಾಡಿದೆವು. ಗಾಬರಿಯಾಗಬೇಡಿ, ಹೋಗಿದ್ದು ಕಾಗದದ ಮೇಲೆ ಮಾತ್ರ.

ವ್ಯವಹಾರ ಅಧ್ಯಯನದ ಪ್ರಾಜೆಕ್ಟಿಗೆ ಮೇಡಂ ಕೊಟ್ಟ ವಿಷಯ ‘ಒಂದು ಗುಂಪು ಪ್ರವಾಸದ ಯೋಜನೆ’. ಎಲ್ಲಿಗೆ ಬೇಕಾದರೂ ಹೋಗಿ, ಆದರೆ ಲೆಕ್ಕ ತಾಳೆಯಾಗಬೇಕು ಎಂದರು. ಬೇರೆ ತಂಡಗಳು ಮೈಸೂರು, ಗೋವಾ ಆರಿಸಿಕೊಂಡವು. ನಮ್ಮಲ್ಲೊಬ್ಬಳು ಮೊಬೈಲಿನಲ್ಲಿ ‘ಫ್ಲೈ ಫಿಶಿಂಗ್’ ವಿಡಿಯೊ ನೋಡಿದ್ದಳು. ಅದೇ ಬೇಕು ಎಂದು ಹಟ ಹಿಡಿದಳು.

ಫ್ಲೈ ಫಿಶಿಂಗ್ ಎಂದರೇನು?

ನಮ್ಮಲ್ಲಿ ಗಾಳ ಹಾಕುವುದು ಎಲ್ಲರಿಗೂ ಗೊತ್ತು. ಕೊಕ್ಕೆಗೆ ಎರೆಹುಳು ಅಥವಾ ಹಿಟ್ಟಿನ ಉಂಡೆ ಸಿಕ್ಕಿಸಿ ಎಸೆಯುತ್ತಾರೆ. ಆ ತುದಿಯ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ತಿರುಗುಮುರುಗು. ಫ್ಲೈ ಎಂದರೆ ನೊಣ. ಹಕ್ಕಿಯ ಪುಕ್ಕ, ಕೂದಲು, ನೂಲು ಸುತ್ತಿ ಕೊಕ್ಕೆಯ ಮೇಲೆ ಹುಳದ ಹಾಗೆ, ಸಮುದ್ರದಲ್ಲಾದರೆ ಸಿಗಡಿ ಅಥವಾ ಮರಿಮೀನಿನ ಹಾಗೆ ಕಾಣುವ ಆಕಾರ ಕಟ್ಟುತ್ತಾರೆ. ಅದಕ್ಕೆ ಹೆಚ್ಚು ತೂಕವಿಲ್ಲ, ಎಸೆದರೆ ಕಾಲ ಬಳಿಯೇ ಬೀಳುತ್ತದೆ. ಅದಕ್ಕೇ ದಾರವನ್ನು ದಪ್ಪಗೆ, ಭಾರವಾಗಿ ಮಾಡಿರುತ್ತಾರೆ. ಕೋಲನ್ನು ಹಿಂದೆ ಮುಂದೆ ಬೀಸಿದಾಗ ದಾರ ಗಾಳಿಯಲ್ಲಿ ಸುರುಳಿ ಬಿಚ್ಚುತ್ತಾ ಹೋಗಿ ಪುಕ್ಕದ ಹುಳವನ್ನು ದೂರ ಇಳಿಸುತ್ತದೆ. ಹಿಡಿದ ಮೀನನ್ನು ಹೆಚ್ಚಿನವರು ಮತ್ತೆ ನೀರಿಗೇ ಬಿಡುತ್ತಾರೆ.

ಇದನ್ನು ಮನೆಯಲ್ಲಿ ಹೇಳಿದಾಗ ಅಬ್ಬಾ ಒಂದೇ ಪ್ರಶ್ನೆ ಕೇಳಿದರು: “ತಿನ್ನುವುದಿಲ್ಲ ಎಂದರೆ ಹಿಡಿಯುವುದು ಯಾಕೆ?” ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೆ ಯೋಜನೆಯಲ್ಲಿ ಒಂದು ತಿದ್ದುಪಡಿ ಮಾಡಿದೆವು: ದ್ವೀಪದವರು ತಿನ್ನುವ ಮೀನು, ಅದೂ ನಮ್ಮ ಊಟಕ್ಕೆ ಸಾಕಾಗುವಷ್ಟು ಮಾತ್ರ.

ಕಾವೇರಿ ಯಾಕೆ ಆಗಲಿಲ್ಲ?

ಮೊದಲು ನಮ್ಮ ರಾಜ್ಯದಲ್ಲೇ ಜಾಗ ಹುಡುಕಿದೆವು. ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳಿವೆ. ಅಲ್ಲಿನ ಮಹಶೀರ್ ಮೀನಿಗಾಗಿ ಹೊರದೇಶಗಳಿಂದ ಜನ ಗುಂಪುಗುಂಪಾಗಿ ಬರುತ್ತಿದ್ದರು. ಮೀನು ಹಿಡಿದು, ತೂಕ ನೋಡಿ, ಫೋಟೊ ತೆಗೆದು, ಮತ್ತೆ ಹೊಳೆಗೆ ಬಿಡುವುದು ಅಲ್ಲಿನ ನಿಯಮವಾಗಿತ್ತು. ಆದರೆ ಆ ಜಾಗ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯೇ ಎಂಬ ಅರ್ಥ ಬರುತ್ತದೆ ಎಂದು 2010ರ ದಶಕದ ಆರಂಭದಲ್ಲಿ ಅಲ್ಲಿ ಗಾಳ ನಿಂತಿತು. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ. ಹೀಗಾಗಿ ಕಾವೇರಿಯನ್ನು ಬಿಟ್ಟೆವು.

ಲಕ್ಷದ್ವೀಪ ಮತ್ತು ನಾವು

ಉಳಿದದ್ದು ಲಕ್ಷದ್ವೀಪ. 36 ದ್ವೀಪಗಳು, ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್, ಜನ ವಾಸಿಸುವುದು 10ರಲ್ಲಿ. ಹವಳದ ದಿಬ್ಬಗಳ ಮೇಲೆ ಕೂತ ನೆಲ ಅದು. ದಿಬ್ಬದ ಒಳಗಡೆ ಆಳವಿಲ್ಲದ, ಅಲೆಯಿಲ್ಲದ ತಿಳಿನೀರು ಇರುತ್ತದೆ. ಅಲ್ಲಿಯ ಮೀನುಗಾರರು ಸೂರೆ ಮೀನನ್ನು ದೊಡ್ಡ ಬಲೆಯಿಂದಲ್ಲ, ಕೋಲು ಮತ್ತು ಗಾಳದಿಂದ ಒಂದೊಂದಾಗಿ ಎತ್ತಿ ಹಿಡಿಯುವುದಕ್ಕೆ ಹೆಸರಾದವರು. ಕೋಲು ಹಿಡಿಯುವುದನ್ನು ಅವರಿಂದಲೇ ಕಲಿಯಬಹುದು ಎಂದುಕೊಂಡೆವು. ದ್ವೀಪದ ಜನ ಬಹುತೇಕ ಮುಸ್ಲಿಮರು, ಆದ್ದರಿಂದ ಊಟದ ಬಗ್ಗೆ ನಮ್ಮ ಮನೆಗಳಲ್ಲಿ ಚಿಂತೆಯೂ ಕಡಿಮೆ.

ಓದುವಾಗ ಒಂದು ಸಂಗತಿ ಸಿಕ್ಕಿತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಒಂದು ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವುಗಳ ಕಚೇರಿ ವ್ಯವಹಾರ ಮಂಗಳೂರಿನ ಜೊತೆ. 1956ರ ನವೆಂಬರ್ 1ರಂದು ಅವು ಬೇರೆಯಾಗಿ ಕೇಂದ್ರಾಡಳಿತ ಪ್ರದೇಶವಾದವು. ಅದೇ ದಿನ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಾವು ಒಳಗೆ ಬಂದ ದಿನವೇ ಅವರು ಹೊರಗೆ ಹೋದರು.

ಹೆಸರು ಕೊಟ್ಟ ಮೇಲೆ ಬದಲಿಸಲಾಗದು

ಲಕ್ಷದ್ವೀಪಕ್ಕೆ ಟಿಕೆಟ್ ತೆಗೆದ ಮಾತ್ರಕ್ಕೆ ಹೋಗಲು ಬರುವುದಿಲ್ಲ. ಭಾರತೀಯರಾದರೂ ಪ್ರವೇಶ ಪರವಾನಗಿ ಬೇಕು. ಅದು ಪ್ರತಿಯೊಬ್ಬರ ಹೆಸರಿಗೂ ಬೇರೆಬೇರೆ. ಕಲಬುರಗಿಯಿಂದ ಪುಣೆ–ಕನ್ಯಾಕುಮಾರಿ ರೈಲು ಹತ್ತಿ ಎರ್ನಾಕುಲಂನಲ್ಲಿ ಇಳಿಯಬೇಕು. ಕೊಚ್ಚಿಯಿಂದ ದ್ವೀಪಗಳು 220ರಿಂದ 440 ಕಿಲೋಮೀಟರ್ ದೂರ. ಹಡಗು ದ್ವೀಪಕ್ಕೆ ತಕ್ಕಂತೆ 14ರಿಂದ 18 ಗಂಟೆ ತೆಗೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಡಲು ಒರಟು, ಅಕ್ಟೋಬರ್ ನಂತರ ಹೋಗುವುದು ಒಳ್ಳೆಯದು. ದ್ವೀಪದಿಂದ ಹವಳದ ಒಂದು ಚೂರನ್ನೂ ತರುವಂತಿಲ್ಲ. ಅದಕ್ಕೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಇಲ್ಲಿ ಗಮನಿಸಬೇಕಾದದ್ದು ಪರವಾನಗಿ ಹೆಸರಿಗೆ ಎಂಬ ಮಾತು. ಊರ ಜಾತ್ರೆಗೆ ಹೊರಟ ಟಂಟಂನಲ್ಲಿ ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುತ್ತಾರೆ. ಇಲ್ಲಿ ಕೊನೆ ಗಳಿಗೆಯಲ್ಲಿ ಒಬ್ಬಳು ಬಿಟ್ಟರೆ ಆ ಜಾಗ ಖಾಲಿಯೇ. ಆ ಖಾಲಿ ಜಾಗದ ಖರ್ಚು ಯಾರ ಮೇಲೆ? ಗುಂಪು ಪ್ರವಾಸದ ಜಗಳಗಳೆಲ್ಲ ಹುಟ್ಟುವುದು ಇಲ್ಲಿಯೇ.

ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ನಾವೇ ಹಾಕಿಕೊಂಡವು, ನಿಜದ ದರಗಳಲ್ಲ. ಆದರೆ ವಿಧಾನ ಯಾವ ಪ್ರವಾಸಕ್ಕಾದರೂ ಅದೇ.

ಖರ್ಚು ಎರಡು ಬಗೆ. ಎಷ್ಟೇ ಜನ ಹೋದರೂ ಬದಲಾಗದ್ದು ಸ್ಥಿರ ವೆಚ್ಚ: ಮೀನು ಹಿಡಿಯುವ ದೋಣಿ ಮೂರು ದಿನಕ್ಕೆ 36,000, ಗಾಳದ ಕೋಲುಗಳ ಬಾಡಿಗೆ 12,000, ಕಲಬುರಗಿ ಸ್ಟೇಷನ್ನಿಗೆ ಹೋಗಿಬರುವ ಗಾಡಿ 6,000, ಜೊತೆಗೆ ಬರುವ ಮೇಡಂ ಖರ್ಚು 18,000. ಒಟ್ಟು 72,000 ರೂಪಾಯಿ. ತಲೆಗೊಂದರಂತೆ ಬೆಳೆಯುವುದು ಬದಲಾಗುವ ವೆಚ್ಚ: ರೈಲು, ಹಡಗು, ವಸತಿ, ಊಟ ಸೇರಿ ಒಬ್ಬಳಿಗೆ 18,000.

12 ಜನ ಹೋದರೆ ಸ್ಥಿರ ವೆಚ್ಚದ ಪಾಲು 6,000, ಒಬ್ಬಳ ಒಟ್ಟು 24,000.
9 ಜನ ಹೋದರೆ ಪಾಲು 8,000, ಒಟ್ಟು 26,000.
8 ಜನ ಹೋದರೆ ಪಾಲು 9,000, ಒಟ್ಟು 27,000.

ನಾವು ಮಾಡಿದ ಮೊದಲ ತಪ್ಪು 24,000 ಎಂದು ಹೇಳಿದ್ದು. ಅದು ಹನ್ನೆರಡೂ ಜನ ಬಂದರೆ ಮಾತ್ರ ನಿಲ್ಲುವ ದರ. ಒಬ್ಬಳು ತಪ್ಪಿದರೂ ಉಳಿದವರ ಹತ್ತಿರ ಮತ್ತೆ ಹೋಗಿ ಕೈಚಾಚಬೇಕು.

ಒಂದು ಹೆಸರು ಹೋಯಿತು

ಪಟ್ಟಿ ಬರೆದು ಗೋಡೆಗೆ ಅಂಟಿಸಿದ ಮರುದಿನ ಒಬ್ಬ ಗೆಳತಿ ನನ್ನ ಬಳಿ ಬಂದಳು. “ಏ, ನನ್ನ ಹೆಸರು ತಗಿ” ಎಂದಳು. ಇದು ಬರೀ ಪ್ರಾಜೆಕ್ಟು, ಯಾರೂ ಹೋಗುವುದಿಲ್ಲ ಎಂದೆ. “ಗೊತ್ತದ. ಕಾಗದದ ಮ್ಯಾಗ ಹೋದ್ರೂ ರೊಕ್ಕ ಎಲ್ಲಿಂದ ತಂದಿ ಅಂತ ಕೇಳ್ತಾರ” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅವಳ ತಂದೆ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. ಕಡಲು ಶಾಂತವಾಗಿರುವ ತಿಂಗಳುಗಳೇ ನಮ್ಮಲ್ಲಿ ಕಬ್ಬು ಸಾಗುವ ತಿಂಗಳುಗಳು. ದುಡ್ಡು ಮನೆ ಸೇರುವುದು ಆಮೇಲೆ. ಹಿಂದಿನ ವರ್ಷ ನಮ್ಮ ತರಗತಿ ಒಂದು ದಿನದ ಪ್ರವಾಸಕ್ಕೆ ಹೋದಾಗ ಅವಳು ತಲೆನೋವು ಎಂದು ಬಂದಿರಲಿಲ್ಲ. ನಾವು ನಂಬಿದ್ದೆವು. ಬಸ್ಸು ಹೊರಡುವ ಮುಂಚೆ ಒಬ್ಬರು “ಇವಳು ಬಿಟ್ಟಿದ್ದರಿಂದ ನಮಗೆ ಹೆಚ್ಚಾಯ್ತು” ಎಂದಿದ್ದರು. ಆ ಮಾತು ಅವಳಿಗೆ ತಲುಪಿತ್ತು ಎಂದು ನನಗೆ ಈಗ ತಿಳಿಯಿತು.

ಅವಳ ಹೆಸರಿಲ್ಲದೆ ಲೆಕ್ಕ ಮಾಡಿ ನೋಡಿದೆ. 11 ಜನರಿಗೆ ಒಬ್ಬಳ ಪಾಲು 24,545. ಆಮೇಲೆ ಇನ್ನೊಂದು ಲೆಕ್ಕ ಮಾಡಿದೆ: ಅವಳು ಏನೂ ಕೊಡದೆ ಬಂದರೆ? ನಾನು ಅಂದುಕೊಂಡದ್ದು 24,000 ಹೊರೆ ಎಂದು. ಅದು ತಪ್ಪು. ದೋಣಿ, ಗಾಡಿ, ಕೋಲು, ಮೇಡಂ ಖರ್ಚು ಅವಳು ಬಂದರೂ ಬಾರದಿದ್ದರೂ ಇದ್ದದ್ದೇ. ಅವಳಿಂದ ಹೆಚ್ಚಾಗುವುದು ಬದಲಾಗುವ ವೆಚ್ಚ 18,000 ಮಾತ್ರ. ಹನ್ನೊಂದು ಜನ ಹಂಚಿಕೊಂಡರೆ ತಲಾ 1,636. ಐದು ತಿಂಗಳು ಮೊದಲೇ ಶುರು ಮಾಡಿದರೆ ತಿಂಗಳಿಗೆ ಸುಮಾರು 327 ರೂಪಾಯಿ.

ಹಾಗೆಂದು ಎಲ್ಲರ ಮುಂದೆ ಅವಳಿಗಾಗಿ ಚಂದಾ ಎತ್ತಿದರೆ ಅವಳು ಬರುತ್ತಾಳೆಯೇ? ನಾನಾಗಿದ್ದರೆ ಬರುತ್ತಿರಲಿಲ್ಲ. ದಾರಿ ಸಿಕ್ಕಿದ್ದು ಫ್ಲೈ ಫಿಶಿಂಗ್‌ನವರಿಂದಲೇ. ವಿದೇಶದ ಮೀನುಗಾರಿಕೆ ಲಾಡ್ಜ್‌ಗಳಲ್ಲಿ ಒಂದು ರೂಢಿ ಇದೆ: ಇಷ್ಟು ಜನರನ್ನು ಕರೆತಂದರೆ ಕರೆತಂದವರಿಗೆ ಒಂದು ಜಾಗ ಉಚಿತ. ನಿಜದಲ್ಲಿ ಅದರ ಖರ್ಚು ಉಳಿದವರ ದರದಲ್ಲೇ ಅಡಗಿರುತ್ತದೆ, ಯಾರೂ ಅದನ್ನು ದಾನ ಎನ್ನುವುದಿಲ್ಲ. ಅಂಥ ಒಂದು ಜಾಗವನ್ನು ನಾವೂ ಅಂದಾಜು ಪಟ್ಟಿಯಲ್ಲಿ ಮೊದಲೇ ಇಟ್ಟುಕೊಂಡರೆ, ಅದನ್ನು ನಾಯಕಿಗೆ ಕೊಡುವ ಬದಲು ಕೊಡಲಾಗದವಳಿಗೆ ಕೊಡಬಹುದಲ್ಲ?

ಹೊಸ ಪಟ್ಟಿಯ ನಿಯಮಗಳು

ಒಂದು: ದರವನ್ನು 12 ಜನರ ಮೇಲೆ ಅಲ್ಲ, 8 ಜನರ ಮೇಲೆ ಹೇಳುವುದು, ಅಂದರೆ 27,000. ಹೊರಡುವ ಮುಂಚೆ ನಾಲ್ವರು ಬಿಟ್ಟರೂ ಉಳಿದವರಿಗೆ ಏರುವುದಿಲ್ಲ.

ಎರಡು: ಹೆಸರು ಕೊಡುವಾಗಲೇ ಸ್ವಲ್ಪ ಮುಂಗಡ. ಪರವಾನಗಿಗೆ ಹೆಸರು ಕಳಿಸುವ ತನಕ ಬಿಟ್ಟವರಿಗೆ ಪೂರ್ತಿ ವಾಪಸ್. ಆಮೇಲೆ ಬಿಟ್ಟರೆ ಉಳಿಸಲು ಸಾಧ್ಯವಾದದ್ದು ಮಾತ್ರ ವಾಪಸ್. ಇದನ್ನು ಬರೆದು ಮನೆಯವರ ಸಹಿ ಪಡೆಯುವುದು.

ಮೂರು: ಒಂದು ಜಾಗ ಮೊದಲಿಂದಲೇ ಉಚಿತ. ಅದನ್ನು ಯಾರು ಬಳಸುತ್ತಾರೆ ಎಂದು ಮೇಡಂಗೆ ಮಾತ್ರ ಗೊತ್ತಿರಬೇಕು. ಎಲ್ಲರೂ ಹಣವನ್ನು ಒಂದೇ ತರಹದ ಮುಚ್ಚಿದ ಲಕೋಟೆಯಲ್ಲಿ ಮೇಡಂ ಕೈಗೇ ಕೊಡಬೇಕು.

ನಾಲ್ಕು: ಪ್ರತಿ ತಿಂಗಳು ಒಟ್ಟು ಜಮಾ, ಒಟ್ಟು ಖರ್ಚು ಗೋಡೆಯ ಮೇಲೆ. ಹೆಸರುಗಳು ಬೇಡ, ಮೊತ್ತ ಸಾಕು. ಕನ್ನಡ ಪತ್ರಿಕೆಯಲ್ಲಿ ‘ಅಮಾನತು’ ಎಂದರೆ ಕೆಲಸದಿಂದ ತೆಗೆದಿಟ್ಟ ಸುದ್ದಿ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಇನ್ನೊಬ್ಬರು ನಂಬಿ ಕೈಗಿಟ್ಟ ವಸ್ತು. ಗುಂಪಿನ ದುಡ್ಡು ಆ ಎರಡನೆಯ ಅರ್ಥದ್ದು.

ತಾಳೆ ನೋಡಿ. 12 ಜನರ ಒಟ್ಟು ಖರ್ಚು 72,000 ಮತ್ತು 2,16,000 ಸೇರಿ 2,88,000. ಹನ್ನೊಂದು ಜನ 27,000ದಂತೆ ಕೊಟ್ಟರೆ 2,97,000. ಒಬ್ಬಳು ಉಚಿತವಾಗಿ ಬಂದ ಮೇಲೂ 9,000 ಕೈಯಲ್ಲಿ ಉಳಿಯುತ್ತದೆ. ಖರ್ಚಾಗದಿದ್ದರೆ ಕೊಟ್ಟವರಿಗೆ ವಾಪಸ್. ಒಂದು ಎಚ್ಚರಿಕೆ: ಉಚಿತ ಜಾಗವೂ ಭರ್ತಿಯಾಗಿ, ಕೊಡುವವರೂ ಎಂಟಕ್ಕೆ ಇಳಿದರೆ 18,000 ಕೊರೆ ಬೀಳುತ್ತದೆ. ಆದ್ದರಿಂದ ಆ ಜಾಗವನ್ನು ಖಚಿತವಾಗಿ ಕೊಡಲು ಕನಿಷ್ಠ ಹತ್ತು ಜನ ಕೊಡುವವರು ಬೇಕು. ಹತ್ತು ಜನರಾದರೆ 2,70,000 ಬರುತ್ತದೆ, ಹನ್ನೊಂದು ಜನರ ಖರ್ಚೂ 2,70,000. ಸರಿಯಾಗಿ ತಾಳೆ.

ಲಕ್ಷದ್ವೀಪಕ್ಕೆ ನಾವು ಹೋಗುವುದಿಲ್ಲ. ಆದರೆ ಚಳಿಗಾಲದಲ್ಲಿ ನಮ್ಮ ಕಾಲೇಜಿನಿಂದ ವಿಜಯಪುರದ ಗೋಳಗುಮ್ಮಟಕ್ಕೆ ಹೋಗೋಣ ಎಂಬ ಮಾತು ನಡೆದಿದೆ. ಬಸ್ಸಿನ ಬಾಡಿಗೆ ಅಲ್ಲಿನ ದೋಣಿ, ಊಟ ಮತ್ತು ಟಿಕೆಟ್ ಅಲ್ಲಿನ ಹಡಗು. ಅಂಕಿ ಸಣ್ಣವು, ಲೆಕ್ಕ ಇದೇ. ಬಸ್ಸು ಹೇಗೂ ಹೊರಡುತ್ತದೆ. ಅದರಲ್ಲಿ ಇನ್ನೊಬ್ಬಳು ಕೂತರೆ ಹೆಚ್ಚಾಗುವುದು ಒಂದು ಊಟ, ಒಂದು ಟಿಕೆಟ್. ದರ ಹೇಳುವ ಮುಂಚೆ ಇಂಥ ಎರಡು ಮೂರು ಜಾಗ ಪಟ್ಟಿಯಲ್ಲಿ ಸೇರಿಸಬೇಕೆಂದು ನಮ್ಮ ತಂಡ ಮೇಡಂಗೆ ಬರೆದುಕೊಟ್ಟಿದೆ.

ಹೊಸ ಹಾಳೆಯನ್ನು ಗೋಡೆಗೆ ಅಂಟಿಸಿದ ದಿನ ಅದೇ ಗೆಳತಿ ಬಂದು, ನಿಂತು ಪೂರ್ತಿ ಓದಿದಳು. ಕ್ಯಾಲ್ಕ್ಯುಲೇಟರ್ ಇಸಕೊಂಡು ಕೂಡಿಸಿ ನೋಡಿದಳು. “ಹಡಗ ಒಂದ್ ದಿನ ತಡ ಆದ್ರ ಕೊಚ್ಚ್ಯಾಗ ರಾತ್ರಿ ಉಳೀಬೇಕಲ್ಲ, ಆ ಖರ್ಚ ಎಲ್ಲೇತಿ?” ಎಂದಳು. ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಉಳಿದ 9,000ವನ್ನು ಅದಕ್ಕೆ ಇಟ್ಟೆವು. ಮೇಡಂ ಸೇರಿ ಹದಿಮೂರು ಜನ, ತಲಾ 692. ಅಷ್ಟರಲ್ಲಿ ರೂಮು ಸಿಗುತ್ತದೆಯೋ ಇಲ್ಲವೋ ಎಂದು ವಿಚಾರಿಸುವ ಕೆಲಸ ಈಗ ಅವಳದು.