ಮುಳ್ಳಿಗೆ ಮುಳ್ಳು, ಗಾಳಿಗೆ ಗಾಳಿ

ನಿಂತಿರುವ ಎಂಡಿ-83 ವಿಮಾನದ ಬಾಲವನ್ನು ನೋಡಿದವರಿಗೆ ಏನೋ ಮುರಿದಿದೆ ಅನ್ನಿಸಿದರೆ ಅಚ್ಚರಿಯಿಲ್ಲ. ಮೂಗು ಏರಿಳಿಸುವ ಫಲಕಗಳಾದ ಎಲಿವೇಟರ್‌ಗಳಲ್ಲಿ ಎಡಗಡೆಯದು ಮೇಲಕ್ಕೆ ನೋಡುತ್ತಿದ್ದರೆ ಬಲಗಡೆಯದು ಕೆಳಕ್ಕೆ ಜೋತಿರಬಹುದು. ಮುರಿದಿರುವುದೇನೂ ಇಲ್ಲ. ಪೈಲಟ್‌ನ ಕೈಯಲ್ಲಿರುವ ಕಂಟ್ರೋಲ್ ಕಾಲಮ್‌ನಿಂದ ಹೊರಟ ಉಕ್ಕಿನ ಹಗ್ಗ ಎಲಿವೇಟರ್‌ಗೆ ಹೋಗುವುದೇ ಇಲ್ಲ. ಎಲಿವೇಟರ್‌ನ ಹಿಂಬದಿಯ ಅಂಚಿನಲ್ಲಿ ಕೀಲು ಹಾಕಿ ಕೂರಿಸಿದ ಪುಟ್ಟದೊಂದು ಪಟ್ಟಿಗೆ ಹೋಗುತ್ತದೆ. ಅದರ ಹೆಸರು ಟ್ಯಾಬ್.

ವಿಮಾನ ಹುಟ್ಟಿದಾಗ ಇದ್ಯಾವುದೂ ಇರಲಿಲ್ಲ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ಯಂತ್ರದಲ್ಲಿ ಪೈಲಟ್ ಬೋರಲು ಮಲಗಿ ಸೊಂಟ ಆಡಿಸಿದರೆ ತಂತಿಗಳು ರೆಕ್ಕೆಯನ್ನೇ ತಿರುಚುತ್ತಿದ್ದವು. ಬಟ್ಟೆ ಮತ್ತು ಮರದ ರೆಕ್ಕೆಗೆ ಅದು ಸರಿಹೋಯಿತು. ಗಟ್ಟಿ ರೆಕ್ಕೆಯನ್ನು ಹಾಗೆ ತಿರುಚಲಾಗುವುದಿಲ್ಲ. ಬದಲಿಗೆ ರೆಕ್ಕೆಯ ತುದಿಯಲ್ಲಿ ಒಂದು ತುಂಡನ್ನು ಕೀಲಿನ ಮೇಲೆ ಮಡಚಿದರಾಯಿತು. ಈ ಏಲೆರಾನ್‌ಗೆ ಇಂಗ್ಲೆಂಡಿನ ಬೋಲ್ಟನ್ ಎಂಬಾತ 1868ರಲ್ಲೇ ಪೇಟೆಂಟ್ ಪಡೆದಿದ್ದ. ಏರಿಸಲು ವಿಮಾನವೇ ಇಲ್ಲದ ಕಾಲ, ಯಾರಿಗೂ ನೆನಪಿರಲಿಲ್ಲ! 1908ರ ಹೊತ್ತಿಗೆ ಅಮೆರಿಕದಲ್ಲಿ ಕರ್ಟಿಸ್, ಫ್ರಾನ್ಸಿನಲ್ಲಿ ಫಾರ್ಮನ್ ಅದನ್ನು ಬಳಕೆಗೆ ತಂದರು. ವಾಲಿಸಲು ಏಲೆರಾನ್, ಮೂಗು ಏರಿಳಿಸಲು ಎಲಿವೇಟರ್, ಎಡಬಲಕ್ಕೆ ರಡ್ಡರ್ ಎಂಬ ವ್ಯವಸ್ಥೆ ಗಟ್ಟಿಯಾಯಿತು.

ಆಮೇಲೆ ಶುರುವಾಯಿತು ತೋಳಿನ ತೊಂದರೆ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ಎಲಿವೇಟರ್‌ನ ಉದ್ದ ಅಗಲ ಎರಡೂ ಇಮ್ಮಡಿಯಾದರೆ ಅದನ್ನು ಕೀಲಿನ ಸುತ್ತ ತಿರುಗಿಸಲು ಎಂಟು ಪಟ್ಟು ಶ್ರಮ ಬೇಕು. ವಿಮಾನಗಳು ಬೆಳೆದವು, ಪೈಲಟ್‌ನ ರಟ್ಟೆ ಬೆಳೆಯಲಿಲ್ಲ.

ಇದಕ್ಕೆ ಮದ್ದು ಹುಡುಕಿದವರಲ್ಲಿ ಮುಖ್ಯನಾದವನು ಜರ್ಮನಿಯ ಆಂಟನ್ ಫ್ಲೆಟ್ನರ್, ಮೊದಲ ಮಹಾಯುದ್ಧದ ಕಾಲದಲ್ಲಿ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯ ಅವನದು. ದೊಡ್ಡ ಫಲಕವನ್ನು ತಳ್ಳುವ ಬದಲು ಅದರ ಹಿಂಬದಿಯ ಅಂಚಿನಲ್ಲಿರುವ ಪುಟ್ಟ ಪಟ್ಟಿಯನ್ನು ಕೆಳಕ್ಕೆ ಬಾಗಿಸಿ. ಗಾಳಿ ಆ ಪಟ್ಟಿಯನ್ನು ಮೇಲಕ್ಕೆ ಒತ್ತುತ್ತದೆ. ಪಟ್ಟಿ ಕೀಲಿನಿಂದ ಬಹುದೂರದಲ್ಲಿರುವುದರಿಂದ ಅಷ್ಟು ಒತ್ತಡವೇ ಇಡೀ ಫಲಕವನ್ನು ಮೇಲೆತ್ತಲು ಸಾಕು. ಅಂದರೆ ಬೇಕಾದದ್ದಕ್ಕೆ ವಿರುದ್ಧ ದಿಕ್ಕಿಗೆ ಟ್ಯಾಬ್ ತಿರುಗಿಸಬೇಕು, ದುಡಿಮೆ ಗಾಳಿಯದು. 1924ರಲ್ಲಿ ಇದೇ ಫ್ಲೆಟ್ನರ್ ಹಾಯಿಯ ಬದಲು ತಿರುಗುವ ಕಂಬಗಳಿಂದ ಓಡುವ ‘ಬುಕಾವ್’ ಹಡಗನ್ನು ನೀರಿಗಿಳಿಸಿ ಹೆಸರಾದ. ನನ್ನ ಲೆಕ್ಕದಲ್ಲಿ ಆ ಹಡಗಿಗಿಂತ ಈ ಪಟ್ಟಿಯೇ ದೊಡ್ಡ ಕೆಲಸ.

ಟ್ಯಾಬ್‌ಗೆ ನಾನಾ ವೇಷಗಳು ಬಂದವು. ಸೆಸ್ನಾ 172ರ ಬಲ ಎಲಿವೇಟರ್‌ನಲ್ಲಿರುವುದು ಟ್ರಿಮ್ ಟ್ಯಾಬ್: ಚಕ್ರ ತಿರುಗಿಸಿ ಒಮ್ಮೆ ಹೊಂದಿಸಿಬಿಟ್ಟರೆ ಪೈಲಟ್ ಸದಾ ಎಳೆದು ಹಿಡಿಯಬೇಕಿಲ್ಲ. ಪೈಪರ್ ಚೆರೋಕಿಯಲ್ಲಿ ಉಲ್ಟಾ. ಅಲ್ಲಿ ಬಾಲ ತೀರಾ ಹಗುರಾಗಿ ತಿರುಗುತ್ತದೆಂದು ಕೈಗೆ ಭಾರ ತರಲೆಂದೇ ಟ್ಯಾಬ್ ಇಟ್ಟಿದ್ದಾರೆ.

ಜೆಟ್ ಯುಗದಲ್ಲೂ ಈ ಉಪಾಯ ಬಿಟ್ಟುಹೋಗಲಿಲ್ಲ. ಬೋಯಿಂಗ್ 707ರ ಎಲಿವೇಟರ್‌ಗಳು ಟ್ಯಾಬ್ ನಂಬಿಯೇ ಹಾರಿದವು. 1965ರಲ್ಲಿ ಮೊದಲ ಸಲ ಹಾರಿದ ಡಿಸಿ-9, ಅದರ ಸಂತತಿಯಾದ ಎಂಡಿ-83 ಕೂಡ ಹಾಗೆಯೇ. ಹೈಡ್ರಾಲಿಕ್ ಮತ್ತು ಕಂಪ್ಯೂಟರ್ ನೆಚ್ಚಿಕೊಂಡ ವಿಮಾನಗಳಿಗೆ ಇದರ ಹಂಗಿಲ್ಲ. 2001ರ ಜನವರಿಯಲ್ಲಿ ಬೆಂಗಳೂರಿನಿಂದ ಮೊದಲ ಬಾರಿ ಏರಿದ ತೇಜಸ್‌ಗೆ ಬಾಲದಲ್ಲಿ ಎಲಿವೇಟರ್ ಕೂಡ ಇಲ್ಲ. ರೆಕ್ಕೆಯಂಚಿನ ಎಲಿವಾನ್‌ಗಳೇ ಮೂಗು ಏರಿಳಿಸುವ, ವಾಲಿಸುವ ಎರಡೂ ಕೆಲಸ ಮಾಡುತ್ತವೆ.

ಆದರೆ ಗಾಳಿಯಿಂದ ದುಡಿಸಿಕೊಳ್ಳುವ ಯಂತ್ರಕ್ಕೆ ಗಾಳಿಯಿಲ್ಲದಾಗ ಮಾತು ಬಾರದು. ವಿಮಾನ ನಿಂತಿದ್ದಾಗ ಕಾಲಮ್ ಎಳೆದರೆ ಟ್ಯಾಬ್ ಮಾತ್ರ ಅಲ್ಲಾಡುತ್ತದೆ. ಎಲಿವೇಟರ್ ಸಿಕ್ಕಿಬಿದ್ದಿದ್ದರೂ ಪೈಲಟ್‌ನ ಕೈಗೆ ಎಲ್ಲ ಸರಿಯಾಗಿದೆ ಎಂದೇ ಅನ್ನಿಸುತ್ತದೆ. 2017ರ ಮಾರ್ಚ್ 8ರಂದು ಅಮೆರಿಕದ ಮಿಶಿಗನ್‌ನ ವಿಲೋ ರನ್ ನಿಲ್ದಾಣದಲ್ಲಿ ಆದದ್ದು ಇದೇ. ಎಂಡಿ-83 ಒಂದರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡವೂ ಸೇರಿ 116 ಮಂದಿ ಇದ್ದರು. ಬಿರುಗಾಳಿಯ ದಿನ. ಪಕ್ಕದ ದೊಡ್ಡ ಹ್ಯಾಂಗರ್ ಗಾಳಿಯನ್ನು ಸುಳಿಯಾಗಿಸಿ, ನಿಂತಿದ್ದ ವಿಮಾನದ ಬಲ ಎಲಿವೇಟರ್ ಅನ್ನು ಬಡಿದು ಕೆಳಗಿಳಿದ ಸ್ಥಿತಿಯಲ್ಲೇ ಸಿಕ್ಕಿಸಿತ್ತು. ನೆಲದಿಂದ ಸುಮಾರು 9 ಮೀಟರ್ ಎತ್ತರದ ಬಾಲ. ಎಲಿವೇಟರ್‌ಗಳು ಹೇಗೆ ಬೇಕಾದರೂ ನಿಂತಿರುವುದು ಮಾಮೂಲಿಯಾದ್ದರಿಂದ ಕಂಡರೂ ಸಂಶಯ ಬರುವಂತಿರಲಿಲ್ಲ.

ಓಡುದಾರಿಯಲ್ಲಿ ಕ್ಯಾಪ್ಟನ್ ಕಾಲಮ್ ಎಳೆದಾಗ ಮೂಗು ಏಳಲಿಲ್ಲ. ನಿರ್ಧಾರದ ವೇಗ ದಾಟಿದ ಮೇಲೆ ನಿಲ್ಲಿಸಬೇಡ, ಏರಿಬಿಡು ಎಂಬುದು ಪೈಲಟ್‌ಗಳಿಗೆ ಕಲಿಸುವ ಪಾಠ. ಈ ಕ್ಯಾಪ್ಟನ್ ನಿಲ್ಲಿಸಿದರು. ಪಕ್ಕದಲ್ಲಿ ಪರೀಕ್ಷಕನಾಗಿ ಕುಳಿತಿದ್ದ ಹಿರಿಯ ಪೈಲಟ್ ತಡೆಯಲಿಲ್ಲ. ವಿಮಾನ ಓಡುದಾರಿ ದಾಟಿ, ಬೇಲಿ ಮುರಿದು, ರಸ್ತೆಯಾಚೆ ಹೋಗಿ ನಿಂತಿತು. ವಿಮಾನ ಮತ್ತೆ ಹಾರುವ ಸ್ಥಿತಿಯಲ್ಲಿರಲಿಲ್ಲ, ಒಳಗಿದ್ದವರೆಲ್ಲ ಬದುಕಿದರು. ಎಲಿವೇಟರ್ ಹೀಗೆ ಸಿಕ್ಕಿಬೀಳದಂತೆ ಅದರ ಜೋಡಣೆಯನ್ನು ಬದಲಿಸಿ, ಹಾರುವ ಮುನ್ನ ಪೈಲಟ್‌ಗಳು ಪರೀಕ್ಷಿಸಲು ಒಂದು ದಾರಿ ಹುಡುಕಿ ಎಂದು ಅಮೆರಿಕದ ತನಿಖಾ ಮಂಡಳಿ, ಈಗ ಎಂಡಿ-83ರ ಹೊಣೆ ಹೊತ್ತಿರುವ ಬೋಯಿಂಗ್‌ಗೆ ಶಿಫಾರಸು ಮಾಡಿತು.