ಬಯಲಿನಲ್ಲಿ ನಡೆಸುವ ವಿವಾಹ: ಮಳೆ, ಗಾಳಿ ಮತ್ತು ಸಿಡಿಲಿಗೆ ಮುನ್ನೆಚ್ಚರಿಕೆ

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಹಾಗೂ ಲಿಂಗಸುಗೂರು ತಾಲ್ಲೂಕುಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಅನೇಕ ವಿವಾಹಗಳು ನೆರವೇರುತ್ತವೆ. ಮನೆಯ ಮುಂದೆ ಅಥವಾ ಗುಡಿಯ ಬಯಲಿನಲ್ಲಿ ಹಂದರ ಹಾಕುವುದು ರೂಢಿ. ಮುಂಗಾರು ಪೂರ್ವದ ಗುಡುಗು ಮಳೆಯ ಕಾಲವೂ ಇದೇ ಆಗಿರುತ್ತದೆ. ಈ ಮಳೆಯು ಸಾಮಾನ್ಯವಾಗಿ ದಿನವಿಡೀ ಸುರಿಯುವುದಿಲ್ಲ. ಹಗಲಿನ ಕಾವಿಗೆ ಮೋಡಗಟ್ಟಿ, ಬಹುತೇಕ ಮಧ್ಯಾಹ್ನದ ನಂತರ ಬಿರುಗಾಳಿ ಮತ್ತು ಸಿಡಿಲಿನೊಂದಿಗೆ, ಕೆಲವೊಮ್ಮೆ ಆಲಿಕಲ್ಲಿನೊಂದಿಗೆ, ಅಲ್ಪ ಹೊತ್ತಿನಲ್ಲಿ ಸುರಿದು ಹೋಗುತ್ತದೆ. ಆದುದರಿಂದ ಬೆಳಗಿನ ಅಕ್ಕಿಕಾಳಿಗಿಂತ ಇಳಿಹೊತ್ತಿನ ಊಟದ ಪಂಕ್ತಿ, ಮೆರವಣಿಗೆ ಮತ್ತು ಸಂಜೆಯ ಆರತಕ್ಷತೆಗೆ ಅಪಾಯ ಹೆಚ್ಚು.

ಬಂಧುಗಳು ನೆನೆಯುವುದು ದೊಡ್ಡ ನಷ್ಟವಲ್ಲ. ಹಂದರ ಕುಸಿಯುವುದು ಮತ್ತು ಸಿಡಿಲು ಬಡಿಯುವುದು ಪ್ರಾಣಕ್ಕೆ ಎರವಾಗುವ ಸಂಗತಿಗಳು. ಇಲ್ಲಿಯ ಎರೆ ಭೂಮಿಯು ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ನೆನೆದಾಗ ಮೆತ್ತಗಾಗುತ್ತದೆ. ಎರಡೂ ಸ್ಥಿತಿಯಲ್ಲಿ ಗೂಟಗಳ ಹಿಡಿತ ಸಡಿಲವಾಗುವ ಸಂಭವವಿದೆ. 30 ಅಡಿ ಅಗಲ, 60 ಅಡಿ ಉದ್ದದ ಶಾಮಿಯಾನದ ಮೇಲೆ 20 ಮಿ.ಮೀ. ಮಳೆಯಾದಲ್ಲಿ ಬೀಳುವ ನೀರು ಸುಮಾರು 3,300 ಲೀಟರ್, ಅಂದರೆ ಮೂರು ಟನ್ನಿಗೂ ಮಿಕ್ಕ ಭಾರ. ಬಟ್ಟೆಯು ಜೋತುಬಿದ್ದು ನೀರು ಅದರಲ್ಲಿಯೇ ನಿಂತರೆ ಕಂಬಗಳು ತಾಳಲಾರವು. ಛಾವಣಿಗೆ ಸಾಕಷ್ಟು ಇಳಿಜಾರು ಕೊಡುವಂತೆ ಹಂದರ ಹಾಕುವವರಿಗೆ ಮೊದಲೇ ತಿಳಿಸತಕ್ಕದ್ದು. ಗಾಳಿ ಬೀಸಿದಾಗ ಯುವಕರು ಕಬ್ಬಿಣದ ಕಂಬಗಳನ್ನು ಹಿಡಿದು ನಿಲ್ಲುವುದುಂಟು. ಇದು ಅತ್ಯಂತ ಅಪಾಯಕಾರಿ.

ಶಾಮಿಯಾನವಾಗಲಿ, ಮರದ ನೆರಳಾಗಲಿ, ತೆರೆದ ಟ್ರ್ಯಾಕ್ಟರ್ ಟ್ರೇಲರ್ ಆಗಲಿ ಸಿಡಿಲಿನಿಂದ ರಕ್ಷಣೆ ನೀಡುವುದಿಲ್ಲ. ಗುಡುಗು ಕೇಳಿಸಿದೊಡನೆ ಪಕ್ಕಾ ಕಟ್ಟಡವನ್ನು ಅಥವಾ ಗಾಜು ಮುಚ್ಚಿದ, ಲೋಹದ ಮೇಲ್ಛಾವಣಿಯ ವಾಹನವನ್ನು ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲಿಯೇ ಇರಬೇಕು. ಇದಕ್ಕಾಗಿ ನಡೆದು ಹೋಗುವಷ್ಟು ಸಮೀಪದ ಸಮುದಾಯ ಭವನ ಅಥವಾ ಇತರ ಕಟ್ಟಡದ ಬಳಕೆಗೆ, ಅದರ ನಿರ್ವಹಣೆ ಹೊಂದಿರುವ ಗ್ರಾಮ ಪಂಚಾಯಿತಿ ಅಥವಾ ಸಂಸ್ಥೆಗೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸಿ ಅನುಮತಿ ಪಡೆಯುವುದು ಸೂಕ್ತ. ಎರಡನೆಯ ಸ್ಥಳದ ಬಾಡಿಗೆಯನ್ನು ದಂಡವೆಂದು ಭಾವಿಸುವವರಿದ್ದಾರೆ. ವಿವಾಹದ ಒಟ್ಟು ವೆಚ್ಚದಲ್ಲಿ ಅದು ಸಣ್ಣ ಬಾಬು.

ಭಾರತ ಹವಾಮಾನ ಇಲಾಖೆಯು ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳಲ್ಲಿ ಜಿಲ್ಲಾವಾರು ಮುನ್ನೆಚ್ಚರಿಕೆ ನೀಡುತ್ತದೆ. ಮುಂದಿನ ಮೂರು ಗಂಟೆಗಳ ಗುಡುಗು ಮಳೆಯ ಮುನ್ಸೂಚನೆಯೂ ಲಭ್ಯವಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಮಾಹಿತಿ ನೀಡುತ್ತದೆ. ಇವುಗಳನ್ನು ಗಮನಿಸಿ ಜನರನ್ನು ಸ್ಥಳಾಂತರಿಸುವ ನಿರ್ಧಾರವನ್ನು ಒಬ್ಬರಿಗೆ ಒಪ್ಪಿಸಬೇಕು. ಅವರು ವಧೂವರರ ತಂದೆಯಾಗಿರದಿದ್ದರೆ ಒಳಿತು. ಮುಹೂರ್ತ ಮೀರೀತೆಂಬ ಅಳುಕಿನಲ್ಲಿ ಮನೆಯ ಹಿರಿಯರು ತಡಮಾಡುವುದು ಸಹಜ.

ಹಂದರಕ್ಕೆ ತಾತ್ಕಾಲಿಕ ವಿದ್ಯುತ್ ಸಂಪರ್ಕವನ್ನು ಜೆಸ್ಕಾಂ ಕಚೇರಿಯಲ್ಲಿ ಅರ್ಜಿ ಸಲ್ಲಿಸಿಯೇ ಪಡೆಯತಕ್ಕದ್ದು. ವಿದ್ಯುತ್ ತಂತಿಗಳ ಕೆಳಗೆ ಹಂದರ ಹಾಕಬಾರದು. ಮಳೆ ಆರಂಭವಾದೊಡನೆ ಹಂದರದ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ತಂತಿ ತುಂಡಾಗಿ ಬಿದ್ದಲ್ಲಿ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಬೇಕು. ಗಾಯಾಳುಗಳಿದ್ದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು. ಸಿಡಿಲು ಬಡಿದವರ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲವಾದ್ದರಿಂದ ಅವರನ್ನು ಮುಟ್ಟಿ ಪ್ರಥಮ ಚಿಕಿತ್ಸೆ ನೀಡಲು ಹೆದರಬೇಕಾಗಿಲ್ಲ.